ಬಾಣಂತಿ ಮನೆಗೆ ಊಟ ಒಯ್ಯುವುದು ಹೇಗೆ? ಕಡಿಮೆ ಖರ್ಚಿನ ಸಸ್ಯಾಹಾರಿ ಅಡುಗೆಗೆ ಸಮಗ್ರ ಮಾರ್ಗದರ್ಶಿ

ಬಾಣಂತಿ ಇರುವ ಮನೆಗೆ ಊಟ ಕೊಟ್ಟು ಬಂದವರು ಆಮೇಲೆ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಅಷ್ಟು ಪ್ರೀತಿಯಿಂದ ಬಿಸಿಬೇಳೆಬಾತ್ ಮಾಡಿಕೊಂಡು ಹೋದೆ, ಅವಳು ಮುಟ್ಟಲೇ ಇಲ್ಲವಂತೆ." ಅಡುಗೆ ಚೆನ್ನಾಗಿರಲಿಲ್ಲ ಅಂತಲ್ಲ. ಅದು ಅವಳ ಪಥ್ಯಕ್ಕೆ ಆಗುವಂಥದ್ದಾಗಿರಲಿಲ್ಲ. ಇಲ್ಲವೇ ಅವಳು ಉಂಡು ಮಲಗಿದ ಮೇಲೆ ಡಬ್ಬಿ ಬಂತು. ಇಲ್ಲವೇ ಅದೇ ದಿನ ಇನ್ನೆರಡು ಮನೆಯಿಂದಲೂ ಊಟ ಬಂದು ಫ್ರಿಜ್ಜಿನಲ್ಲಿ ಜಾಗವೇ ಇರಲಿಲ್ಲ.

ತವರಿಗೆ ಹೋಗಿ ಮೂರು ತಿಂಗಳು ಬಾಣಂತನ ಮಾಡಿಸಿಕೊಳ್ಳುವ ಅನುಕೂಲ ಈಗ ಎಲ್ಲರಿಗೂ ಇಲ್ಲ. ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲಿ ಗಂಡ, ಹೆಂಡತಿ, ಊರಿಂದ ಬಂದ ವಯಸ್ಸಾದ ಅಮ್ಮ, ಇಷ್ಟೇ ಜನ ಇರುತ್ತಾರೆ. ಅಂಥ ಮನೆಗೆ ಒಂದು ಹೊತ್ತಿನ ಊಟ ನಿಜಕ್ಕೂ ದೊಡ್ಡ ಸಹಾಯ. ಅದು ಉಪಯೋಗಕ್ಕೆ ಬರಬೇಕಾದರೆ ಕೆಲಸ ಒಲೆಯಿಂದ ಶುರುವಾಗಬಾರದು, ಫೋನಿನಿಂದ ಶುರುವಾಗಬೇಕು. ಅಡುಗೆಯಲ್ಲಿ ನೆನಪಿಡಬೇಕಾದದ್ದು ಇಷ್ಟು: ಒಂದೇ ಬೇಳೆ, ಒಂದೇ ತರಕಾರಿ, ಎರಡು ಒಗ್ಗರಣೆ. ಒಂದು ಬಾಣಂತಿಗೆ, ಇನ್ನೊಂದು ಮನೆಯ ಉಳಿದವರಿಗೆ. ಖರ್ಚು ಉಳಿಯುವುದೂ ಇದರಿಂದಲೇ.

ಹಂತ 1: ಮೊದಲು ಕೇಳಿ, ಆದರೆ "ಏನು ಬೇಕು" ಅಂತ ಕೇಳಬೇಡಿ

"ಏನು ತರಲಿ?" ಎಂದರೆ "ಅಯ್ಯೋ, ಏನೂ ಬೇಡ, ಸುಮ್ನೆ ಬನ್ನಿ" ಎಂಬ ಉತ್ತರ ಬರುತ್ತದೆ. ಸಂಕೋಚ ಅಲ್ವಾ? ಅದಕ್ಕೆ ಪೂರ್ತಿ ಊಟವನ್ನೇ ಹೇಳಿ ಒಪ್ಪಿಗೆ ಕೇಳಿ. "ಗುರುವಾರ ರಾತ್ರಿಗೆ ಹೆಸರುಬೇಳೆ ತೊವ್ವೆ, ಹೀರೇಕಾಯಿ ಪಲ್ಯ ತರ್ತೀನಿ ಆಂಟಿ. ಅವಳಿಗೆ ಆಗದೇ ಇರೋದು ಇದ್ರಲ್ಲಿ ಏನಾದ್ರೂ ಇದ್ಯಾ?" ಹೀಗೆ ಕೇಳಿದರೆ ನಿಜವಾದ ಉತ್ತರ ಸಿಗುತ್ತದೆ.

ಫೋನು ಬಾಣಂತಿಗೆ ಬೇಡ. ಅವಳು ಆಗಷ್ಟೇ ಕಣ್ಣು ಮುಚ್ಚಿರಬಹುದು. ಅಡುಗೆಮನೆ ನೋಡಿಕೊಳ್ಳುತ್ತಿರುವವರಿಗೆ ಮಾಡಿ: ಅವಳ ಅಮ್ಮ, ಅತ್ತೆ, ಇಲ್ಲವೇ ಗಂಡ. ಈ ಕೆಳಗಿನದನ್ನು ಕೇಳಿ ಬರೆದಿಟ್ಟುಕೊಳ್ಳಿ.

- ಹೆರಿಗೆಯಾಗಿ ಎಷ್ಟು ದಿನವಾಯಿತು? ಸಿಸೇರಿಯನ್ ಆಗಿದ್ದರೆ ಡಾಕ್ಟರು ಊಟದ ಬಗ್ಗೆ ಏನು ಹೇಳಿದ್ದಾರೆ?
- ಬಿಪಿ ಅಥವಾ ಸಕ್ಕರೆ ಕಾಯಿಲೆ ಇತ್ತಾ? ಇದ್ದರೆ ಉಪ್ಪು, ಬೆಲ್ಲ, ತುಪ್ಪದ ಅಳತೆ ಅವರನ್ನೇ ಕೇಳಿ.
- ಮನೆಯಲ್ಲಿ ಯಾರು ಹೇಳಿದ ಪಥ್ಯ ನಡೆಯುತ್ತಿದೆ, ಯಾವ ತರಕಾರಿ ಬೇಡ?
- ಈರುಳ್ಳಿ, ಬೆಳ್ಳುಳ್ಳಿ ತಿನ್ನುತ್ತಾರಾ? ಯಾರಿಗಾದರೂ ಶೇಂಗಾ, ಗೋಡಂಬಿ ಅಲರ್ಜಿ ಇದೆಯಾ?
- ಎಷ್ಟು ಜನ ಉಣ್ಣುತ್ತಾರೆ? ಬಾಣಂತಿ ಎಷ್ಟು ಹೊತ್ತಿಗೆ ಉಣ್ಣುತ್ತಾಳೆ?

ಪಥ್ಯದ ಬಗ್ಗೆ ಒಂದು ಮಾತು. ಅದು ಮನೆಯಿಂದ ಮನೆಗೆ, ಸೀಮೆಯಿಂದ ಸೀಮೆಗೆ ಬೇರೆ. ಹಳೇ ಮೈಸೂರಿನ ಕಡೆ ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು, ತುಪ್ಪ ಮುಂದು. ಉತ್ತರ ಕರ್ನಾಟಕದಲ್ಲಿ ಅಳವಿ ಪಾಯಸ, ಅಂಟಿನುಂಡೆ. ಕರಾವಳಿಯಲ್ಲಿ ಮೆಂತೆ ಗಂಜಿ, ಕುಚ್ಚಲಕ್ಕಿ ಅನ್ನ. ಬದನೆಕಾಯಿ, ಆಲೂಗಡ್ಡೆ, ಕಡಲೆಬೇಳೆ, ಹುಳಿ, ಮೊಸರು ಬೇಡ ಎನ್ನುವ ಮನೆಗಳು ಬಹಳ. ನಿಮಗೆ ಒಪ್ಪಿಗೆಯಾಗದಿದ್ದರೂ ಊಟದ ಡಬ್ಬಿ ಹಿಡಿದುಕೊಂಡು ವಾದ ಮಾಡಬೇಡಿ. ಅವರ ಪಟ್ಟಿಯೊಳಗೇ ಹೊಟ್ಟೆ ತುಂಬ ಅಡುಗೆ ಮಾಡುವುದು ನಿಮ್ಮ ಕೆಲಸ. ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಜಾಸ್ತಿ ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಹೆಚ್ಚುಕಡಿಮೆ ಇನ್ನೊಂದು ಊಟದಷ್ಟು! ಆದ್ದರಿಂದ ಅವಳ ಡಬ್ಬಿ ಚಿಕ್ಕದಾಗಿರಬಾರದು.

ಪುರುಡು ಕಳೆಯುವ ತನಕ ಹೊರಗಿನ ಅಡುಗೆ ಬೇಡ ಎನ್ನುವ ಮನೆಗಳೂ ಇವೆ. ಅಂಥ ಕಡೆ ಸೊಪ್ಪು ಬಿಡಿಸಿ, ಬೆಳ್ಳುಳ್ಳಿ ಸುಲಿದು, ತರಕಾರಿ ತೊಳೆದು ಕೊಟ್ಟುಬನ್ನಿ. ಎಷ್ಟೋ ಸಲ ಅದೇ ಹೆಚ್ಚು ಉಪಕಾರ.

ಹಂತ 2: ದಿನ ಆರಿಸಿಕೊಳ್ಳಿ

ಮೊದಲ ವಾರ ಎಲ್ಲರೂ ಬರುತ್ತಾರೆ. ಮನೆ ತುಂಬ ಸಿಹಿ ಡಬ್ಬ, ಹಣ್ಣು. ಹನ್ನೊಂದನೇ ದಿನಕ್ಕೋ ಹನ್ನೆರಡನೇ ದಿನಕ್ಕೋ ನಾಮಕರಣ ಇಟ್ಟುಕೊಂಡರೆ ಆ ದಿನ ಅಡುಗೆಯವರೇ ಇರುತ್ತಾರೆ. ನಿಜವಾಗಿ ಕಷ್ಟ ಶುರುವಾಗುವುದು ಬಂದವರೆಲ್ಲ ಊರಿಗೆ ಹೊರಟ ಮೇಲೆ, ಗಂಡನ ರಜೆ ಮುಗಿದ ಮೇಲೆ. ನನ್ನನ್ನು ಕೇಳಿದರೆ ಮೂರನೇ ವಾರದಿಂದ ಎರಡನೇ ತಿಂಗಳವರೆಗೆ ಒಯ್ಯುವ ಊಟಕ್ಕೆ ಬೆಲೆ ಹೆಚ್ಚು.

ಸಾಮಾನ್ಯವಾಗಿ ಬಾಣಂತಿಗೆ ಬೇಗ ಊಟ ಕೊಡುತ್ತಾರೆ. ರಾತ್ರಿ ಏಳಕ್ಕೇ ಉಣ್ಣುವವಳಿಗೆ ಎಂಟೂವರೆಗೆ ಡಬ್ಬಿ ತಂದರೆ ಅವಳ ಅಮ್ಮ ಆಗಲೇ ಏನೋ ಮಾಡಿ ಮುಗಿಸಿರುತ್ತಾರೆ. ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲು ತಲುಪಿಸುವ ಹಾಗೆ ಲೆಕ್ಕ ಹಾಕಿ.

ಕೊಡುವವರು ನಾಲ್ಕಾರು ಮನೆಯವರಿದ್ದರೆ ವಾಟ್ಸಾಪಿನಲ್ಲಿ ಒಂದು ಪಟ್ಟಿ ಮಾಡಿ: ಯಾರು, ಯಾವ ದಿನ, ಯಾವ ಹೊತ್ತು, ಏನು ಅಡುಗೆ. ಆ ಗುಂಪಿಗೆ ಬಾಣಂತಿಯನ್ನು ಸೇರಿಸಬೇಡಿ. ಅಮೆರಿಕದಲ್ಲಿರುವ ನಮ್ಮ ಕನ್ನಡದವರಲ್ಲಿ ಮೀಲ್ ಟ್ರೇನ್ ಹೆಸರಿನಲ್ಲಿ ಇದನ್ನೇ ಮಾಡುವವರಿದ್ದಾರೆ, ಅಲ್ಲಿ ಅತ್ತೆ ಅಮ್ಮಂದಿರ ವೀಸಾ ಮುಗಿದ ಮೇಲೆ ಅದೇ ಆಸರೆ. ದಿನಾ ಬೇಡ, ದಿನ ಬಿಟ್ಟು ದಿನ ಸಾಕು. ಉಳಿದದ್ದು ಖಾಲಿಯಾಗಲು ಸಮಯ ಬೇಕಲ್ಲ.

ಹಂತ 3: ಡಬ್ಬಿ, ಚೀಟಿ, ಸಾಮಾನು ಒಟ್ಟುಮಾಡಿ

ಒಲೆ ಹಚ್ಚುವ ಮೊದಲೇ ಇವು ಕೈಯಲ್ಲಿರಲಿ.

- ಮೂರು ಅಥವಾ ನಾಲ್ಕು ಅಂತಸ್ತಿನ ಸ್ಟೀಲ್ ಟಿಫನ್ ಕ್ಯಾರಿಯರ್, ಬಿಗಿ ಮುಚ್ಚಳದ್ದು
- ಖಾರದ ಒಗ್ಗರಣೆಗೆ ಒಂದು ಚಿಕ್ಕ ಡಬ್ಬಿ
- ರೊಟ್ಟಿ, ಚಪಾತಿ ಒಯ್ಯುವುದಾದರೆ ಹಾಟ್‌ಬಾಕ್ಸ್ ಮತ್ತು ತೆಳು ಬಟ್ಟೆ
- ಅಂಟಿಸುವ ಚೀಟಿ, ಪೆನ್ನು

ಹೋಟೆಲಿನವರು ಕೊಡುವ ತೆಳು ಪ್ಲಾಸ್ಟಿಕ್ ಡಬ್ಬಕ್ಕೆ ಕುದಿಯುವ ಸಾರು ಹುಯ್ಯಬೇಡಿ. ವಾಪಸ್ ಬೇಕಾಗದ ಸ್ಟೀಲ್ ಡಬ್ಬಿಗಳಿದ್ದರೆ ಅವೇ ಉತ್ತಮ. ಡಬ್ಬಿ ತೊಳೆದು, ಯಾರದ್ದು ಎಂದು ನೆನಪಿಟ್ಟು, ಹಿಂದಿರುಗಿಸುವುದು ನಿದ್ದೆಯಿಲ್ಲದ ಮನೆಗೆ ಇನ್ನೊಂದು ಕೆಲಸ.

ಚೀಟಿಯ ಮೇಲೆ ಮೂರೇ ವಿಷಯ: ಅಡುಗೆಯ ಹೆಸರು, ಮಾಡಿದ ದಿನ, "ಬಾಣಂತಿಗೆ" ಅಥವಾ "ಖಾರ ಇದೆ". ಈ ಚೀಟಿ ಇಲ್ಲದೆ ಎರಡು ಒಗ್ಗರಣೆಯ ಲೆಕ್ಕವೇ ತಲೆಕೆಳಗಾಗುತ್ತದೆ. ನೋಡಲು ಎರಡೂ ತೊವ್ವೆ ಒಂದೇ ತರ ಇರುತ್ತವೆ.

ಹಂತ 4: ಒಂದು ಅಡುಗೆ, ಎರಡು ಒಗ್ಗರಣೆ

ಇದು ನಾಲ್ಕು ಜನರ ಅಳತೆ. ಎಲ್ಲರೂ ಎಡವುವುದು ಅನುಕ್ರಮದಲ್ಲಿ. ಖಾರ, ಹುಳಿ ಎಲ್ಲ ಹಾಕಿ ಮುಗಿಸಿದ ಮೇಲೆ "ಅಯ್ಯೋ, ಅವಳಿಗೆ ತೆಗೆದಿಡಬೇಕಿತ್ತು" ಅನ್ನುತ್ತಾರೆ. ಆಗ ನೀರು ಬೆರೆಸಿ ಖಾರ ಕಡಿಮೆ ಮಾಡಿದರೆ ರುಚಿಯೂ ಇಲ್ಲ, ಪಥ್ಯವೂ ಇಲ್ಲ.

ಮೊದಲು ತರಕಾರಿ. ಅರ್ಧ ಕೆ.ಜಿ. ಹೀರೇಕಾಯಿ ತೊಳೆದು, ಸಿಪ್ಪೆ ತೆಗೆದು, ಪ್ರತಿ ಕಾಯಿಯಿಂದಲೂ ಒಂದು ಚೂರು ಬಾಯಿಗೆ ಹಾಕಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ. ಸೋರೆಕಾಯಿಗೂ ಇದೇ ನಿಯಮ. ಆ ಕಹಿ ಬೇಯಿಸಿದರೂ ಹೋಗುವುದಿಲ್ಲ, ಜೋರು ವಾಂತಿ ಭೇದಿ ಮಾಡಿಸುತ್ತದೆ. ಬಾಣಂತಿಯ ಡಬ್ಬಿಯಲ್ಲಿ ಇದಕ್ಕೆ ರಿಯಾಯಿತಿಯೇ ಇಲ್ಲ.

ಆಮೇಲೆ ಬೇಳೆ. ಒಂದು ಕಪ್ ಹೆಸರುಬೇಳೆ, ಅಂದರೆ ಸುಮಾರು 200 ಗ್ರಾಂ, ಸಣ್ಣ ಉರಿಯಲ್ಲಿ ಘಮ ಬರುವ ತನಕ ಹುರಿದು ತೊಳೆಯಿರಿ. ಮೂರು ಕಪ್ ನೀರು, ಅರಿಸಿನ, ಒಂದು ಚಮಚ ತುಪ್ಪ ಹಾಕಿ ಕುಕ್ಕರಿನಲ್ಲಿ ಮೂರು ಕೂಗು ಕೂಗಿಸಿ. ಒಂದು ಕಟ್ಟು ಸಬ್ಬಸಿಗೆ ಸೊಪ್ಪನ್ನು ಹೆಚ್ಚಿ, ಬೆಂದ ಬೇಳೆಗೆ ಸೇರಿಸಿ, ಉಪ್ಪು ಹಾಕಿ ಐದು ನಿಮಿಷ ಕುದಿಸಿ. ಇಲ್ಲಿ ನಿಲ್ಲಿಸಿ. ಇನ್ನೂ ಮೆಣಸಿನಕಾಯಿ ಬಿದ್ದಿಲ್ಲ, ಹುಳಿ ಬಿದ್ದಿಲ್ಲ.

ಈಗ ಬಾಣಂತಿಯ ಪಾಲು ತೆಗೆಯಿರಿ. ನಾಲ್ಕರಲ್ಲಿ ಒಂದು ಪಾಲಲ್ಲ, ಮೂರರಲ್ಲಿ ಒಂದು. ಅದಕ್ಕೆ ಎರಡು ಚಮಚ ತುಪ್ಪದಲ್ಲಿ ಜೀರಿಗೆ, ಕುಟ್ಟಿದ ಕಾಳುಮೆಣಸು ಅರ್ಧ ಚಮಚ, ಜಜ್ಜಿದ ಬೆಳ್ಳುಳ್ಳಿ ಆರೇಳು ಎಸಳು, ಚಿಟಿಕೆ ಇಂಗು, ಕರಿಬೇವು ಹಾಕಿ ಒಗ್ಗರಣೆ ಕೊಡಿ. ಬೆಳ್ಳುಳ್ಳಿ ಹೊಂಬಣ್ಣಕ್ಕೆ ಬಂದ ಕೂಡಲೇ ಇಳಿಸಿ, ಕಪ್ಪಾದರೆ ಕಹಿ. ಡಬ್ಬಿಗೆ ತುಂಬಿ ಚೀಟಿ ಅಂಟಿಸಿ.

ಉಳಿದವರ ತೊವ್ವೆಗೆ ಎಣ್ಣೆಯಲ್ಲಿ ಸಾಸಿವೆ, ಮೂರು ಬ್ಯಾಡಗಿ ಮೆಣಸಿನಕಾಯಿ, ಹೆಚ್ಚಿದ ಟೊಮೇಟೊ, ಒಂದು ಚಮಚ ಸಾರಿನ ಪುಡಿ. ಬೇಕಿದ್ದರೆ ಈ ಒಗ್ಗರಣೆಯನ್ನು ಬೆರೆಸದೆ ಚಿಕ್ಕ ಡಬ್ಬಿಯಲ್ಲೇ ಒಯ್ಯಬಹುದು. ಅವರು ಬೇಕಾದಷ್ಟು ಬೆರೆಸಿಕೊಳ್ಳುತ್ತಾರೆ. ನನಗೆ ಇದೇ ಇಷ್ಟ, ಏಕೆಂದರೆ ಉಳಿದ ಸಪ್ಪೆ ತೊವ್ವೆ ಮರುದಿನ ಬಾಣಂತಿಗೂ ಆಗುತ್ತದೆ.

ಹೀರೇಕಾಯಿ ಪಲ್ಯವನ್ನು ಎಲ್ಲರಿಗೂ ಒಂದೇ ತರ ಮಾಡಿ: ತುಪ್ಪ, ಜೀರಿಗೆ, ಮೆಣಸಿನಕಾಯಿ ಪುಡಿಯ ಬದಲು ಕಾಳುಮೆಣಸು. ಹಸಿ ತೆಂಗಿನಕಾಯಿ ಹಾಕಬೇಡಿ. ಬೇಸಿಗೆಯಲ್ಲಿ ಮೊದಲು ಹಳಸುವುದು ಕಾಯಿ ಹಾಕಿದ ಪಲ್ಯ. ಸಿಪ್ಪೆ ಎಸೆಯಬೇಡಿ, ನಿಮ್ಮ ಮನೆಗೆ ಚಟ್ನಿಯಾಗುತ್ತದೆ.

ಅನ್ನ? ಅವರ ಮನೆಯಲ್ಲಿ ಒಂದು ಕುಕ್ಕರ್ ಇಡುವಷ್ಟು ಕೈ ಇದ್ದರೆ ಒಯ್ಯಬೇಡಿ. ಅನ್ನ ಮಾಡುವುದು ಸುಲಭ, ಹೊತ್ತುಕೊಂಡು ಹೋಗುವುದು ಕಷ್ಟ, ಕೆಡುವುದೂ ಬೇಗ. ಮಾಡಿಕೊಡಲೇಬೇಕಾದರೆ ಎರಡು ಕಪ್ ಅಕ್ಕಿ ಸಾಕು. ಎಲ್ಲದಕ್ಕಿಂತ ಕೊನೆಗೆ ಮಾಡಿ, ಬಿಸಿ ಇರುವಾಗಲೇ ಹಾಟ್‌ಬಾಕ್ಸಿಗೆ ಹಾಕಿ.

ಊಟದ ಜೊತೆ ಫ್ಲಾಸ್ಕಿನಲ್ಲಿ ಕಾಫಿ, ಟೀ ಇಡಬೇಡಿ. ಹೆರಿಗೆಯಾದ ಮೇಲೆ 180 ದಿನ ಕಬ್ಬಿಣದ ಮಾತ್ರೆ ತೆಗೆದುಕೊಳ್ಳಬೇಕು ಎಂದು ಸರ್ಕಾರದ ರಕ್ತಹೀನತೆ ತಡೆ ಕಾರ್ಯಕ್ರಮದಲ್ಲೇ ಇದೆ. ಊಟದ ಜೊತೆ ಕಾಫಿ, ಟೀ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಜೀರಿಗೆ ಕಷಾಯ ಕೊಡಿ.

ಖರ್ಚಿನ ಲೆಕ್ಕ ಹೀಗೆ. ಬೇಳೆ 25 ರೂಪಾಯಿ, ಹೀರೇಕಾಯಿ 30, ಸೊಪ್ಪು 20, ಅಕ್ಕಿ 25, ತುಪ್ಪ 35, ಬೆಳ್ಳುಳ್ಳಿ ಮಸಾಲೆ ಎಲ್ಲ ಸೇರಿ 20. ತರಕಾರಿ ಬೆಲೆ ಏರಿದ ದಿನವೂ 200 ರೂಪಾಯಿ ದಾಟುವುದು ಕಡಿಮೆ. ಉಳಿಸಬೇಕೆಂದರೆ ತರಕಾರಿಯಲ್ಲಿ ಉಳಿಸಿ: ಹೀರೇಕಾಯಿ ದುಬಾರಿಯಾದರೆ ಸೋರೆಕಾಯಿ, ಪಡವಲಕಾಯಿ. ತುಪ್ಪ, ಬೇಳೆಯಲ್ಲಿ ಕೈ ಬಿಗಿ ಹಿಡಿಯಬೇಡಿ. ಗೋಡಂಬಿ, ಪನೀರು ಹಾಕಿ ಊಟವನ್ನು ದೊಡ್ಡದು ಮಾಡುವ ಅಗತ್ಯ ಇಲ್ಲವೇ ಇಲ್ಲ.

ಹಂತ 5: ಒಂದು ಕೈಯಲ್ಲಿ ತಿನ್ನುವಂಥದ್ದು ಒಂದಿರಲಿ

ಮಗು ಮಡಿಲಲ್ಲಿದ್ದಾಗ ಅನ್ನ ಕಲಸಿ ಉಣ್ಣಲು ಆಗುವುದಿಲ್ಲ. ರಾತ್ರಿ ಎರಡು ಗಂಟೆಗೆ ಹಾಲು ಕುಡಿಸುವಾಗ ಹೊಟ್ಟೆ ಚುರುಗುಟ್ಟುತ್ತದೆ. ಆ ಹೊತ್ತಿಗೆ ಕೈಗೆ ಸಿಗುವಂತೆ ಉಂಡೆಯ ಡಬ್ಬ ಇದ್ದರೆ ಸಾಕು. ಅಂಟಿನುಂಡೆಗೆ ಖರ್ಚು ಜಾಸ್ತಿ. ಹೆಸರುಂಡೆ ಅಗ್ಗ.

ಎರಡು ಕಪ್ ಹೆಸರುಬೇಳೆಯನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಹದಿನೈದು ಇಪ್ಪತ್ತು ನಿಮಿಷ ಬೇಕು. ಉರಿ ಜೋರಾದರೆ ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ, ಉಂಡೆ ಹಸಿವಾಸನೆ ಬರುತ್ತದೆ. ಪೂರ್ತಿ ತಣ್ಣಗಾದ ಮೇಲೆ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ಒಂದೂಕಾಲು ಕಪ್ ಬೆಲ್ಲದ ಪುಡಿ, ಏಲಕ್ಕಿ, ಅರ್ಧ ಚಮಚ ಒಣಶುಂಠಿ ಪುಡಿ ಬೆರೆಸಿ. ಅರ್ಧ ಕಪ್ ತುಪ್ಪ ಬೆಚ್ಚಗೆ ಮಾಡಿ ಸ್ವಲ್ಪ ಸ್ವಲ್ಪವೇ ಹಾಕುತ್ತ ಉಂಡೆ ಕಟ್ಟಿ.

ಪಾಕ ಮಾಡಲು ಹೋಗಬೇಡಿ. ಪಾಕ ಗಟ್ಟಿಯಾದರೆ ಉಂಡೆ ಕಲ್ಲಾಗುತ್ತದೆ, ಎಳೆಯದಾದರೆ ಬೇಗ ಕೆಡುತ್ತದೆ. ಕೈ, ಡಬ್ಬ ಒಣಗಿರಬೇಕು. ನೀರಿನ ಪಸೆ ಇಲ್ಲದಿದ್ದರೆ ಹೊರಗೇ ಒಂದು ವಾರ ಚೆನ್ನಾಗಿರುತ್ತದೆ.

ಬೆಳಗಿನ ತಿಂಡಿಗೆ ನುಚ್ಚಿನುಂಡೆಯೂ ಒಳ್ಳೆಯದು. ಕಡಲೆಬೇಳೆ ಬಿಟ್ಟು ತೊಗರಿ, ಹೆಸರು ಹಾಕಿ, ಹಸಿಮೆಣಸಿನಕಾಯಿಯ ಬದಲು ಕಾಳುಮೆಣಸು, ಜೊತೆಗೆ ಸಬ್ಬಸಿಗೆ. ತುಪ್ಪ ಇದ್ದರೆ ಸಾಕು, ಬೇರೆ ಏನೂ ಬೇಡ.

ಹಂತ 6: ತುಂಬುವುದು, ಸಾಗಿಸುವುದು

ಬೇಯಿಸಿದ ಅಡುಗೆ ಉಗುರುಬೆಚ್ಚಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು. ಒಂದೋ ಹೊಗೆಯಾಡುವಷ್ಟು ಬಿಸಿ, ಅಂದರೆ 60 ಡಿಗ್ರಿಗಿಂತ ಮೇಲೆ ಇರಬೇಕು. ಇಲ್ಲವೇ ಬೇಗ ತಣಿಸಿ ಫ್ರಿಜ್ಜಿನಲ್ಲಿ 5 ಡಿಗ್ರಿಗಿಂತ ಕೆಳಗೆ ಇರಬೇಕು. ನಡುವಿನ ಬಿಸಿಯಲ್ಲೇ ಅಡುಗೆ ಕೆಡುವುದು. ಮಧ್ಯಾಹ್ನ ಮಾಡಿ ಮುಚ್ಚಿಟ್ಟು ಸಂಜೆ ಒಯ್ಯುವವರು ಬಹಳ. ಅದನ್ನು ಬಿಡಿ.

ಅನ್ನದ ವಿಷಯ ಇನ್ನೂ ಸೂಕ್ಷ್ಮ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣ ಕುದಿಸಿದರೂ ಸಾಯುವುದಿಲ್ಲ. ಅನ್ನ ಹೊರಗೆ ಉಳಿದರೆ ಅದು ಬೆಳೆದು ವಿಷ ಬಿಡುತ್ತದೆ. ಆಮೇಲೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. "ಬಿಸಿ ಮಾಡ್ಕೊಂಡ್ರೆ ಆಯ್ತು" ಎಂಬ ಮಾತು ಇಲ್ಲಿ ನಡೆಯದು.

ನಿಮ್ಮ ಮನೆಯಿಂದ ಅವರ ಮನೆಗೆ ಟ್ರಾಫಿಕ್ಕಿನಲ್ಲಿ ಒಂದು ಗಂಟೆಗಿಂತ ಜಾಸ್ತಿ ಹಿಡಿಯುವುದಾದರೆ ತೊವ್ವೆ, ಅನ್ನ ಬಿಟ್ಟುಬಿಡಿ. ಹೆಸರುಂಡೆ, ರಾಗಿ ಹುರಿಹಿಟ್ಟು, ಹುರಿದ ಗೋಧಿ ರವೆ, ಮೆಣಸು ಜೀರಿಗೆ ಹುರಿದು ಮಾಡಿದ ಸಾರಿನ ಪುಡಿ, ಇಂಥವು ಒಯ್ಯಿರಿ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಹಾಲಿನಲ್ಲಿ ಹುರಿಹಿಟ್ಟು ಕಲಸಿದರೆ ಎರಡು ನಿಮಿಷದ ತಿಂಡಿ.

ಹಂತ 7: ಬಾಗಿಲಲ್ಲಿ

ಬೆಲ್ ಒತ್ತಬೇಡಿ. ಕೆಳಗೆ ಬಂದು ಮೆಸೇಜ್ ಮಾಡಿ. ಡಬ್ಬಿ ಕೊಟ್ಟು, ಯಾವುದು ಯಾರಿಗೆ ಎಂದು ಒಂದು ಸಲ ಹೇಳಿ ಹೊರಡಿ. ಅವರೇ ಒತ್ತಾಯ ಮಾಡಿ ಒಳಗೆ ಕರೆದರೆ ಸೋಪಿನಲ್ಲಿ ಕೈ ತೊಳೆದು ಹತ್ತು ನಿಮಿಷ ಕೂತು ಬನ್ನಿ. ಮಗುವಿಗೆ ಮುತ್ತು ಕೊಡಬೇಡಿ.

ನಿಮಗೆ ನೆಗಡಿ, ಕೆಮ್ಮು, ಜ್ವರ, ಹೊಟ್ಟೆ ಕೆಟ್ಟಿರುವುದು ಏನಿದ್ದರೂ ಆ ದಿನ ಅಡುಗೆಯನ್ನೇ ಮಾಡಬೇಡಿ. ಬೇರೆಯವರಿಗೆ ಸರದಿ ಬಿಟ್ಟುಕೊಡಿ.

ಮಗುವಿನ ಬಾಯಿಗೆ ಜೇನು, ಬೆಲ್ಲದ ನೀರು, ಸಕ್ಕರೆ ನೀರು ಹಚ್ಚಬೇಡಿ, ಹಚ್ಚುವಂತೆ ಹೇಳಲೂ ಬೇಡಿ. ಆರು ತಿಂಗಳು ಎದೆಹಾಲು ಬಿಟ್ಟು ಏನೂ ಬೇಡ. ಜೇನು ಒಂದು ವರ್ಷದ ತನಕ ಅಪಾಯ, ಬೊಟುಲಿಸಂ ಎಂಬ ಗಂಭೀರ ಕಾಯಿಲೆ ತರಬಹುದು. "ಹಾಲು ಸಾಲ್ತಾ ಇದ್ಯಾ?", "ಮಗು ಸಣ್ಣ ಆಗಿದೆಯಲ್ಲ?" ಎಂಬ ಮಾತೂ ಬೇಡ. ಆ ತಾಯಿ ರಾತ್ರಿಯಿಡೀ ಅದನ್ನೇ ಯೋಚಿಸುತ್ತಾಳೆ.

ಎಚ್ಚರಿಕೆಯ ಗುರುತುಗಳು

ಅಡುಗೆಯಲ್ಲಿ: ತೊವ್ವೆಯ ಮೇಲೆ ಗುಳ್ಳೆ, ಹುಳಿ ವಾಸನೆ, ಅನ್ನ ಅಥವಾ ಪಲ್ಯ ಎಳೆ ಎಳೆಯಾಗಿ ಅಂಟುವುದು. ಇವು ಕಂಡರೆ ರುಚಿ ನೋಡಲೂ ಹೋಗದೆ ಚೆಲ್ಲಲು ಹೇಳಿ. ಏನೂ ಕಾಣದಿದ್ದರೂ ಫ್ರಿಜ್ಜಿನ ಊಟ ಮರುದಿನಕ್ಕೆ ಮುಗಿಯಬೇಕು.

ಮನೆಯಲ್ಲಿ: ಹೊರಗಿನಿಂದ ಬಂದ ಕಣ್ಣಿಗೆ ಕೆಲವು ಸಂಗತಿ ಬೇಗ ಕಾಣುತ್ತವೆ. ಬಾಣಂತಿಗೆ ಜ್ವರ, ಜಾಸ್ತಿ ರಕ್ತಸ್ರಾವ, ಜೋರು ತಲೆನೋವು ಜೊತೆಗೆ ಕಣ್ಣು ಮಂಜು, ಒಂದು ಕಾಲಿನ ಮೀನಖಂಡ ಊದಿ ನೋವು, ಉಸಿರಾಟಕ್ಕೆ ಕಷ್ಟ. ಮಗು ಹಾಲು ಕುಡಿಯದೆ ಮಂಕಾಗಿರುವುದು, ಮೈ ಬಿಸಿ ಅಥವಾ ತಣ್ಣಗಾಗಿರುವುದು, ಅಂಗೈ ಅಂಗಾಲಿನ ತನಕ ಹಳದಿ. ಇವು ಪಥ್ಯದಿಂದ ಸರಿಹೋಗುವವಲ್ಲ. ಆಗಲೇ ಆಸ್ಪತ್ರೆಗೆ ಹೊರಡಿಸಿ, ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಎರಡು ವಾರ ದಾಟಿದರೂ ಅವಳು ಅಳುತ್ತಲೇ ಇದ್ದರೆ, ಊಟ ಬೇಡ, ಮಗುವೂ ಬೇಡ ಅನ್ನುತ್ತಿದ್ದರೆ "ಎಲ್ಲರಿಗೂ ಹೀಗೇ ಆಗುತ್ತೆ" ಎಂದು ಬಿಡಬೇಡಿ. ಡಾಕ್ಟರಿಗೆ ತೋರಿಸಲು ಮನೆಯವರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತನಾಡಬಹುದು. ತನಗೆ ಅಥವಾ ಮಗುವಿಗೆ ಏನಾದರೂ ಮಾಡಿಕೊಳ್ಳುವ ಮಾತು ಬಂದರೆ ಒಂದು ಕ್ಷಣವೂ ಅವಳನ್ನು ಒಬ್ಬಳೇ ಬಿಡಬಾರದು, ಆಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಂತ 8: ಮರುದಿನ

ಮರುದಿನ ಅವಳ ಅಮ್ಮನಿಗೋ ಗಂಡನಿಗೋ ಒಂದು ಫೋನು. "ಚೆನ್ನಾಗಿತ್ತಾ?" ಎಂದು ಕೇಳಿದರೆ "ಚೆನ್ನಾಗಿತ್ತು" ಅಂತಲೇ ಹೇಳುತ್ತಾರೆ. "ಯಾವುದು ಉಳೀತು?" ಎಂದು ಕೇಳಿ. ಪಲ್ಯ ಉಳಿದಿದ್ದರೆ ಮುಂದಿನ ಸಲ ಪಲ್ಯ ಕಡಿಮೆ, ತೊವ್ವೆ ಜಾಸ್ತಿ. ಮೆಣಸು ಗಂಟಲಿಗೆ ಹತ್ತಿದ್ದರೆ ಅರ್ಧ ಮಾಡಿ. ವಾಪಸ್ ಬೇಕಾದ ಡಬ್ಬಿಗಳನ್ನು ನೀವೇ ಹೋಗಿ ತನ್ನಿ, ತೊಳೆಯದಿದ್ದರೂ ಪರವಾಗಿಲ್ಲ ಎಂದು ಮೊದಲೇ ಹೇಳಿ.

ತಿಂಗಳು ಕಳೆದ ಮೇಲೆ ಪಥ್ಯ ಸಡಿಲವಾಗಿದೆಯಾ ಎಂದು ಕೇಳಿಕೊಳ್ಳಿ. ಹಲವು ಮನೆಗಳಲ್ಲಿ ಅಷ್ಟು ಹೊತ್ತಿಗೆ ನಿಂಬೆರಸ, ಸ್ವಲ್ಪ ಹಸಿಮೆಣಸಿನಕಾಯಿ, ಕ್ಯಾರೆಟ್, ಬೀನ್ಸ್ ನಡೆಯುತ್ತದೆ. ಆಗ ಅದೇ ತೊವ್ವೆಗೆ ಅರ್ಧ ನಿಂಬೆಹಣ್ಣು ಹಿಂಡಿ ಒಯ್ಯಿರಿ. ಸಪ್ಪೆ ಉಂಡು ಬೇಸತ್ತವಳು ಅನ್ನ ಎರಡನೇ ಸಲ ಹಾಕಿಸಿಕೊಳ್ಳುತ್ತಾಳೆ.